ಅವ್ವನ ಎಡಗಾಲು, ಸರಕಾರದ ಬಾವಿ

ಎಣ್ಣೆ ಇಂಜಿನ್ನಿನ ಟಕಟಕ ಸದ್ದು ಕೇಳಿದರೆ ಇವತ್ತಿಗೂ ನನ್ನ ಬಾಯಲ್ಲಿ ಕಹಿ ಬರುತ್ತದೆ. ಅದು ಪ್ರಗತಿಯ ಸದ್ದು ಎಂದು ಭಾಷಣ ಮಾಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ಕೂರುವ ಕುರ್ಚಿ ಹೊತ್ತು ತಂದು ಹಾಕಿದವನೂ ನಾನೇ, ಅವರು ಎದ್ದು ಹೋದ ಮೇಲೆ ಹೊತ್ತು ಹಿಂದಕ್ಕೆ ಇಟ್ಟವನೂ ನಾನೇ. ನಿಜಾಮರ ಕಾಲದಲ್ಲಿ ಸರಕಾರ ಕೊಡುವುದಕ್ಕೆ ಇಮದಾದ್ ಎನ್ನುತ್ತಿದ್ದರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸಹಾಯಧನ ಎಂದರು. ಈಗ ಸಬ್ಸಿಡಿ. ಏನಾದರೂ ಕರೆದುಕೊಳ್ಳಲಿ, ನಮ್ಮ ಕಡೆ ಅದು ಯಾವ ಬಾಗಿಲಿಗೆ ಹೋಗುತ್ತದೆಂದು ಎತ್ತಿಗೂ ಗೊತ್ತು. ಇದು ಮಾತಿಗೆ ಹೇಳುವುದಲ್ಲ, ಮುಂದೆ ಹೇಳುತ್ತೇನೆ.

ನಮ್ಮೂರು ಔರಾದಿನಿಂದ ಚಿಂತಾಕಿಯ ಕಡೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ನಮ್ಮ ಕೇರಿ ಊರೂ ಬಿಟ್ಟು ಇನ್ನೂ ಒಳಗೆ. ಆ ಕೇರಿಯಲ್ಲಿ ಮೊದಲ ಮೆಟ್ರಿಕ್ ನಾನು, ಮೊದಲ ಬಿ.ಎ. ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ತಂದೆ ಇಲ್ಲದವನು ಭಾಲ್ಕಿಯ ಬೋರ್ಡಿಂಗಿನಲ್ಲಿ ಉಳಿದು ಉರ್ದುವಿನಲ್ಲಿ ಕಲಿತು, ಸಂತೆಯಲ್ಲಿ ಮರಾಠಿ ಮಾತಾಡಿ, ಹೈದರಾಬಾದಿಗೆ ಹೋಗಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಬರುವುದೆಂದರೆ ಏನೆಂದು ಬರೆದವನಿಗೆ ಗೊತ್ತು, ಇಲ್ಲವೇ ಬರೆಸಿದವಳಿಗೆ ಗೊತ್ತು. ಬರೆಸಿದವಳು ನನ್ನ ಅವ್ವ. ಅವಳು ಅದಕ್ಕೆ ಒಂದು ಕಾಲು ಕೊಟ್ಟಿದ್ದಳು.

ನಾರು ಎಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಗೊತ್ತಾಗದೇ ಇರಲಿ. ನೀರಿನಲ್ಲಿ ಕಣ್ಣಿಗೆ ಕಾಣದ ಹುಳು ಅದು. ಕುಡಿದರೆ ಮೈಯೊಳಗೆ ವರ್ಷವಿಡೀ ಬೆಳೆದು, ಮುಂದಿನ ಬೇಸಿಗೆಯಲ್ಲಿ ಕಾಲಿಗೆ ಗುಳ್ಳೆ ಎಬ್ಬಿಸಿ, ಬಿಳಿ ದಾರದ ಹಾಗೆ ತಲೆ ಹೊರಗೆ ಹಾಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿಕೊಳ್ಳುತ್ತ ದಿನಕ್ಕೆ ಬೆರಳಗಲ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಎಳೆಯುವಷ್ಟು ದಿನ ಮನುಷ್ಯ ಕೂತಲ್ಲೇ ಕೂರಬೇಕು. ನಾನು ಮೆಟ್ರಿಕ್ ಪರೀಕ್ಷೆಗೆ ಕೂತ ವರ್ಷ ಅವ್ವ ಕೂರಲಿಲ್ಲ. ಜೋಳದ ಕಣ ನಡೆದಿತ್ತು, ಕೂತರೆ ಕೂಲಿ ಇಲ್ಲ. ಬಲಗಾಲಿನ ನಾರು ಹರಿಯಿತು. ಆ ಮೇಲೆ ಆ ಕಾಲು ಮೊಣಕಾಲಿನಲ್ಲಿ ಮಡಚಿದ್ದು ಮಡಚಿದಂತೆಯೇ ಉಳಿಯಿತು. ಕೋಲು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದಳು.

ಔರಾದಿನ ಅಭಿವೃದ್ಧಿ ದಫ್ತರದಲ್ಲಿ ನನಗೆ ಗ್ರಾಮಸೇವಕನ ನೌಕರಿ ಸಿಕ್ಕಾಗ ನಾನು ದೇಶದ ಉದ್ಧಾರ, ನಾಡಿನ ಏಕೀಕರಣ ಎಂದು ಯೋಚಿಸಲಿಲ್ಲ. ಅವ್ವನ ಎಡಗಾಲು ನೆಟ್ಟಗೆ ಉಳಿಯಬೇಕು, ಅಷ್ಟೇ.

ಅದು ಕಷ್ಟದ ಕೆಲಸವೂ ಅಲ್ಲವೆಂದು ಬೀದರಿನಲ್ಲಿ ನಡೆದ ತರಬೇತಿಯಲ್ಲಿ ಕಲಿತೆ. ನಮ್ಮ ಕೇರಿಯದು ಮೆಟ್ಟಿಲಿನ ಬಾವಿ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬಬೇಕು. ನಾರು ಹೊರಟ ಕಾಲು ನೀರಿಗಿಳಿದರೆ ಹುಳು ತನ್ನ ಸಂತಾನವನ್ನೆಲ್ಲ ನೀರಿಗೆ ಬಿಡುತ್ತದೆ. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಡಗಡಿ ಹಾಕಿ ಮೇಲಿನಿಂದ ಸೇದಿದರೆ ನಾರು ಮುಗಿಯಿತು. ಔಷಧ ಬೇಡ, ಡಾಕ್ಟರು ಬೇಡ. ಒಂದಿಷ್ಟು ಕಲ್ಲು, ಗಾರೆ.

ಮೈಸೂರು ಕಡೆಯಿಂದ ಹೊಸ ಅಧಿಕಾರಿಯೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಮೆಲ್ಲಗಿನ ಮಾತು. ಜನರ ಬೇಡಿಕೆ ಕೇಳಬೇಕೆಂದು ನಮ್ಮೂರಿಗೇ ಬಂದರು. ಊರವರು ಹುಣಸೆ ಮರದ ನೆರಳಿನಲ್ಲಿ, ನಮ್ಮ ಕೇರಿಯವರು ಅದರಾಚೆ ಬಿಸಿಲಿನಲ್ಲಿ. ಆ ವರ್ಷವೇ ಕೇರಿಯ ಕೆಲವರು ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದು ಗೋಡೆಗೆ ಬುದ್ಧನ ಪಟ ಹಾಕಿದ್ದರು. ಆದರೂ ಕೂರುವ ಜಾಗ ಅದೇ ಇತ್ತು.

"ನಿಮ್ಮ ಕುಂದುಕೊರತೆಗಳನ್ನು ನಿಸ್ಸಂಕೋಚವಾಗಿ ತಿಳಿಸಿ" ಎಂದರು ಅಧಿಕಾರಿ.

ಕೇರಿಯ ಹಿರಿಯ, ಮದುವೆ ಮುಂಜಿಗೆ ಹಲಗೆ ಬಾರಿಸುವ ಕಾಕಾ ನನ್ನ ಕಡೆ ವಾಲಿ ಕೇಳಿದ, "ಸಾಹೇಬ್ರು ಏನ ಅಂತಾರಪಾ? ಪುರಾಣ ಹೇಳದಂಗ ಅನಸ್ತದ."

"ನಿಮಗ ಏನ ಬೇಕು ಅಂತ ಕೇಳ್ಲಾಕತ್ತಾರ ಕಾಕಾ."

ಹಿಂದಿನಿಂದ ನಮ್ಮ ಪಕ್ಕದ ಮನೆಯಾಕೆ ಸೆರಗಿನೊಳಗಿನಿಂದಲೇ ಹೇಳಿದಳು, "ಬಾವಿ ಮೆಟ್ಲ ಮುಚ್ಚಿ ಗಡಗಡಿ ಹಾಕ್ರಿ ಅಂತ ಹೇಳು. ಬ್ಯಾರೆ ಏನೂ ಬ್ಯಾಡ. ರಾಜ್ಯ ಬೇಕಾದವ್ರು ತಗೊಳ್ಳಿ."

ನಾನು ಅದನ್ನು ಅಧಿಕಾರಿಗೆ ತಿಳಿಯುವ ಕನ್ನಡಕ್ಕೆ ತಿರುಗಿಸಿದೆ, ರಾಜ್ಯದ ಮಾತು ಬಿಟ್ಟು. ಅವರು ತಲೆಯಾಡಿಸಿದರು. "ಹಳೇ ಬಾವಿ ರಿಪೇರಿಗೆ ಯೋಜನೆ ಇಲ್ಲವಲ್ಲಪ್ಪ. ಹೊಸ ಬಾವಿಗೆ ಇದೆ. ಅರ್ಧ ಸರಕಾರದ್ದು, ಅರ್ಧ ಜನರದ್ದು. ದುಡ್ಡು ಬೇಡ, ಶ್ರಮದಾನ ಮಾಡಿದರೆ ಸಾಕು."

"ಶ್ರಮದಾನ ಅಂದ್ರ?" ಎಂದ ಕಾಕಾ. ಕೂಲಿ ಇಲ್ಲದೆ ಊರಿಗಾಗಿ ದುಡಿಯುವುದೆಂದು ಬಿಡಿಸಿ ಹೇಳಿದೆ.

"ಬೇಗಾರಿ ಅನ್ನು, ತಿಳೀತದ. ನಮ್ಮಪ್ಪನ ಕಾಲಕ್ಕ ಬೇಗಾರಿ ಇತ್ತು, ನನ್ನ ಕಾಲಕ್ಕ ದಾನ ಆಯ್ತು. ನಾವೂ ದಾನ ಕೊಡೋ ಮಂದಿ ಆದ್ವಿ ನೋಡು."

"ಏನಂತೆ?" ಎಂದರು ಅಧಿಕಾರಿ.

"ಸಂತೋಷ ಅಂತಿದ್ದಾರೆ ಸರ್" ಎಂದೆ.

ಮುಂದಿನ ಪ್ರಶ್ನೆ ಎಲ್ಲಿ ತೋಡುವುದು. ದನ ಮೇಯುವ ಊರೊಟ್ಟಿನ ನೆಲಕ್ಕೆ ನಮ್ಮಲ್ಲಿ ಗೈರಾಣ ಎನ್ನುತ್ತಾರೆ. ಅದು ಯಾರಪ್ಪನದೂ ಅಲ್ಲ, ಅಲ್ಲೇ ತೋಡೋಣ ಎಂದೆ. ಊರವರೂ ಒಪ್ಪಲಿಲ್ಲ, ನನ್ನ ಕೇರಿಯವರೂ ಒಪ್ಪಲಿಲ್ಲ. ನಮ್ಮ ಕಡೆ ಒಂದು ಪದ್ಧತಿ. ಬಾವಿಯಾಗಲಿ, ಕಣವಾಗಲಿ, ಮನೆಯ ಬುನಾದಿಯಾಗಲಿ, ಮೊದಲ ಗುದ್ದಲಿ ವಾಡೆಯ ಮಾಲಕರದು. ವಾಡೆ ಎಂದರೆ ಊರ ನಡುವೆ ಕೋಟೆಯಂಥ ಗೋಡೆಯೊಳಗಿರುವ ಅವರ ಮನೆ. ಅವರ ಕೈ ತಾಕದ ನೆಲದಲ್ಲಿ ನೀರು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ ಎಂದು ಜನ ನಂಬಿದ್ದರು.

"ಅಲ್ಲಪಾ ಬಿ.ಎ.," ಎಂದ ಕಾಕಾ. ಕೇರಿಯಲ್ಲಿ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಿದ್ದರು. "ನಿನ್ನ ಪುಸ್ತಕದಾಗ ಗೈರಾಣದ ನೀರು ಕಂಡದೇನು? ಮಾಲಕರ ಕೈಲೆ ಗುದ್ದಲಿ ಬೀಳಲಿ. ಹೊಟ್ಟಿಕಿಚ್ಚು ಬ್ಯಾಡ."

ಅಧಿಕಾರಿಯ ಪಕ್ಕದಲ್ಲಿ ಕೂತಿದ್ದ ಮಾಲಕರು ಜರಿಯ ರುಮಾಲು ಸರಿಪಡಿಸಿಕೊಂಡು ದೊಡ್ಡ ಮನಸ್ಸು ಮಾಡಿದರು. "ಗೈರಾಣದಾಗ ಯಾಕ? ನನ್ನ ಹೊಲದ ಮೂಲಿಗಿ ತೋಡ್ರಿ. ಊರಿಗಿ ಬಿಟ್ಟೇನಿ ಅಂತ ತಿಳಕೋರಿ." ಕೇರಿಯವರು ನಿಂತಲ್ಲೇ ಕೈ ಮುಗಿದರು. ಅವ್ವ ಕೂಡ ಮುಗಿದಳು.

ಅರಿಸಿನ ಕುಂಕುಮ ಹಚ್ಚಿದ ಗುದ್ದಲಿಯನ್ನು ಮಾಲಕರು ಒಂದು ಸಲ ನೆಲಕ್ಕೆ ತಾಕಿಸಿದರು. ಕೈಗೆ ಮಣ್ಣು ಹತ್ತಿತೆಂದು ಒಬ್ಬಾತ ನೀರು ಹಾಕಿದ. ಅಧಿಕಾರಿ ಕಾಕಾನನ್ನು ಪ್ರೀತಿಯಿಂದಲೇ ಕೇಳಿದರು, "ಬಾವಿ ಯಾರದ್ದಪ್ಪ?" ಕಾಕಾ ತಲೆಯ ಮೇಲಿನ ಬಟ್ಟೆ ಕಂಕುಳಿಗೆ ಸೇರಿಸಿ ಹೇಳಿದ, "ಎಲ್ಲಾ ಮಾಲಕರದೇರಿ." ನಮ್ಮಲ್ಲಿ ಹಾಗೇ ಹೇಳುವುದು. ಮಗು ಯಾರದು ಎಂದರೂ ನಿಮ್ದೇರಿ, ಮನೆ ಯಾರದು ಎಂದರೂ ನಿಮ್ದೇರಿ. ನೂರಾರು ವರ್ಷ ಬಗ್ಗಿ ನಡೆದ ಜನರ ಮರ್ಯಾದೆ ಅದು. ಅಧಿಕಾರಿ ಅದನ್ನು ಜವಾಬೆಂದು ತೆಗೆದುಕೊಂಡರು.

ಆ ಬೇಸಿಗೆಯಲ್ಲಿ ತೋಡಿದವರು ನಾವು. ಕರಿಮಣ್ಣು ಮುಗಿದರೆ ಮುರುಮು, ಮುರುಮಿನ ಕೆಳಗೆ ಸುತ್ತಿಗೆಗೂ ಜಗ್ಗದ ಕರಿಕಲ್ಲು. ಗಂಡಸರು ಒಡೆದರು, ಹೆಂಗಸರು ಬುಟ್ಟಿ ಸಾಗಿಸಿದರು. ಅವ್ವ ಬಾವಿಯ ಅಂಚಿನಲ್ಲಿ ಮಡಚಿದ ಕಾಲು ಮುಂದಿಟ್ಟು ಕೂತು, ಕೆಳಗಿನಿಂದ ಬಂದ ಬುಟ್ಟಿಯನ್ನು ಮುಂದಿನವರ ಕೈಗೆ ದಾಟಿಸುತ್ತಿದ್ದಳು. ಕಲ್ಲಿನ ಸಂದಿಯಿಂದ ನೀರು ಜಿನುಗಿದ ದಿನ ಎಲ್ಲರೂ ಮೈಮೇಲೆ ಚಿಮುಕಿಸಿಕೊಂಡರು. ಮೊದಲ ತಂಬಿಗೆ ವಾಡೆಗೆ ಹೋಯಿತು. ನಮ್ಮ ಕೇರಿಯ ಹೆಂಗಸರು ಹಗ್ಗ ಮುಟ್ಟುವಂತಿರಲಿಲ್ಲ, ವಾಡೆಯ ಆಳು ಸೇದಿ ಮೇಲಿನಿಂದ ಅವರ ಕೊಡಕ್ಕೆ ಹೊಯ್ಯುತ್ತಿದ್ದ. ಕಾನೂನು ಬೇರೆ ಹೇಳುತ್ತದೆಂದು ನನಗೆ ಗೊತ್ತಿತ್ತು. ನೀರು ಚೊಕ್ಕ ಬರಲಿ, ಉಳಿದದ್ದಕ್ಕೆ ಆಮೇಲೆ ಜಗಳ ತೆಗೆಯೋಣ ಎಂದುಕೊಂಡೆ. ಅವ್ವ ಆ ನೀರು ಕುಡಿದು, "ಸಿಹಿ ಅದ" ಎಂದಳು. ನನ್ನ ಜೀವನದಲ್ಲಿ ಸರಕಾರದ ಬಗ್ಗೆ ನನಗೆ ಅಭಿಮಾನ ಇದ್ದದ್ದು ಆ ನಾಲ್ಕಾರು ತಿಂಗಳು.

ದಸರೆಯ ಹೊತ್ತಿಗೆ, ಭಾಲ್ಕಿ ಸ್ಟೇಷನ್ನಿಗೆ ಎಣ್ಣೆ ಇಂಜಿನ್ನು ಬಂದಿವೆ, ಬಿಡಿಸಿಕೊಂಡು ಬಾ ಎಂದು ದಫ್ತರದಿಂದ ಹುಕುಮ್ ಆಯಿತು. ಔರಾದಿಗೆ ರೈಲಿಲ್ಲ, ಇವತ್ತಿಗೂ ಇಲ್ಲ. ಭಾಲ್ಕಿಯಲ್ಲಿ ಇಳಿಸಿ ಎತ್ತಿನ ಗಾಡಿಯಲ್ಲಿ ತರಬೇಕು. ಯಾವ ಇಂಜಿನ್ನು ಯಾರಿಗೆಂದು ನನಗೆ ಹೇಳಿರಲಿಲ್ಲ. ಒಂದು ಗಾಡಿಯಲ್ಲಿ ಪೆಟ್ಟಿಗೆಯ ಮೇಲೆ ನಾನೂ ಹತ್ತಿ ಕೂತೆ. ಗಾಡಿಯವ ಭಾಲ್ಕಿ ಕಡೆಯ ಮುದುಕ, ಬಾಯಿ ತುಂಬ ತಂಬಾಕು.

"ಯಾರ ಮದಿವಿ ಸಾಮಾನ್ರಿ ಇದು, ಇಷ್ಟ ವಜ್ಜಿ ಅದ?"

"ಸರಕಾರದ್ದು. ರೈತರಿಗಿ ಸಹಾಯ."

"ಹಂಗಾದ್ರ ನಿಮ್ಮೂರ ವಾಡೇಕ್ಕ ಹೊಡೀಲೇನ್ರಿ ಗಾಡಿ?"

"ಯಾಕ? ದಫ್ತರಕ್ಕ ಹೊಡಿ."

"ಹೊಡೀತೇನ್ರಿ. ಎತ್ತಿಗಿ ಎರಡು ಸಲ ತಿರುಗಾಟ ಆಯ್ತದ, ಅದಕ್ಕ ಕೇಳಿದೆ." ಅವನು ನಗಲೂ ಇಲ್ಲ.

ಎತ್ತಿಗೆ ಎರಡು ಸಲವೇ ತಿರುಗಾಟವಾಯಿತು. ದಫ್ತರದ ಮುಂದೆ ಒಂದು ಹಗಲು ನಿಂತು, ಆ ಪೆಟ್ಟಿಗೆ ನಮ್ಮೂರ ಬಾವಿಗೆ ಬಂತು. ಬಾವಿ ಇರುವ ರೈತನಿಗೆ ಇಂಜಿನ್ನಿನ ಬೆಲೆಯಲ್ಲಿ ದೊಡ್ಡ ಪಾಲು ಸರಕಾರವೇ ಹಾಕುತ್ತದೆ, ಇದು ಯೋಜನೆ. ಬಾವಿ ಇಲ್ಲದವನಿಗೆ ಏನು ಹಾಕುತ್ತದೆ ಎಂಬುದಕ್ಕೆ ಯೋಜನೆ ಇರಲಿಲ್ಲ. ಮರುವಾರ ಬಾವಿಯ ಸುತ್ತ ಜಾಲಿಮುಳ್ಳು ಬಿತ್ತು. ಕೊಡ ಹಿಡಿದು ಹೋದ ಹೆಂಗಸರಿಗೆ ಮಾಲಕರು ತಾವೇ ಬಂದು ಹೇಳಿದರು. "ಇಂಜಿನ್ನಿಗಿ ಪಟ್ಟಾ ತಿರುಗ್ತದ. ಸೀರಿ ಸಿಕ್ಕೀತು, ಜೀವ ಹೋದೀತು. ನಿಮ್ಮ ಒಳ್ಳೇದಕ್ಕ ಹೇಳ್ಲಾಕತ್ತೇನಿ." ಕಬ್ಬಿಗೆ ಬಿಟ್ಟ ನೀರು ಕಾಲುವೆಯಲ್ಲಿ ಹರಿದು ಹೋಗುವಾಗ ತುದಿಯಲ್ಲಿ ತುಂಬಿಕೊಳ್ಳಬಹುದು ಎಂದರು. ಆ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಹೆಂಗಸರು ಹಳೆಯ ಮೆಟ್ಟಿಲಿಗೆ ಮರಳಿದರು. ಅವ್ವನೂ.

ನಾನು ಅಧಿಕಾರಿಯ ಮುಂದೆ ಹೋಗಿ ನಿಂತೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು, ಅದನ್ನು ಹೇಳಲೇಬೇಕು, ಆ ದಫ್ತರದಲ್ಲಿ ನನ್ನನ್ನು ಮೊದಲು ಕೂರಿಸಿದವರು ಅವರೇ. ಕೂರಿಸಿಯೇ ಹೇಳಿದರು.

"ಜಮೀನು ಅವರದು. ಗುದ್ದಲಿ ಪೂಜೆ ಅವರದು. ಅರ್ಧ ಪಾಲಿನ ಕೆಲಸ ಅವರ ಕಡೆ ಜನ ಮಾಡಿದ್ದಾರೆ. ಯಾರದ್ದು ಅಂತ ಬರೆಯಲಿ?"

"ನಾವು ಅವರ ಕಡೆ ಜನ ಅಲ್ಲ ಸರ್. ಆ ಅರ್ಧ ನಮ್ಮದು."

"ನಿಮ್ಮ ಹಿರಿಯರನ್ನೇ ಕೇಳಿದೆನಲ್ಲಪ್ಪ. ಎಲ್ಲ ಮಾಲೀಕರದೇ ಅಂದರು. ನೀನೂ ಪಕ್ಕದಲ್ಲೇ ಇದ್ದೆ."

ನಮ್ಮ ಬೆವರು ಅವರ ಪಾಲಿನ ಅರ್ಧವಾಗಿ ಜಮಾ ಆಗಿತ್ತು. ಸರಕಾರದ ಅರ್ಧವೂ ಅವರಿಗೆ, ಜನರ ಅರ್ಧವೂ ಅವರಿಗೆ. ಸುಳ್ಳು ಬರೆದವರು ಯಾರೂ ಇಲ್ಲ, ಲಂಚ ತಿಂದವರೂ ಇಲ್ಲ. ಇದೇ ನನಗೆ ಇವತ್ತಿಗೂ ಹೇಸಿಗೆ ಹುಟ್ಟಿಸುವುದು. ಕದ್ದಿದ್ದರೆ ಕಳ್ಳನೆಂದು ಬೈಯಬಹುದಿತ್ತು.

ಆ ಚಳಿಗಾಲ ಬೀದರಿನಲ್ಲಿ ಜಿಲ್ಲೆಯ ಸಮಾರಂಭವಾಯಿತು. ಪ್ರಗತಿಪರ ರೈತರಿಗೆ ಹಾರ. ಸಾಲಾಗಿ ನಿಂತವರಲ್ಲಿ ಕೈಯಲ್ಲಿ ಬಿರುಕು ಇದ್ದವನು ಒಬ್ಬನೂ ಕಾಣಲಿಲ್ಲ. ವಕೀಲರು, ಅಡತಿ ಅಂಗಡಿಯವರು, ವಾಡೆಯವರು, ನಡುವೆ ನಮ್ಮ ಮಾಲಕರು. ಭಾಷಣಕ್ಕೆ ನಿಂತವರು, ಜನರೇ ಕೇಳಿದರು, ಸರಕಾರ ಕೊಟ್ಟಿತು ಎಂದರು. ಯಾವ ಜನ? ನಾನು ಹಳ್ಳಿ ಹಳ್ಳಿ ಸುತ್ತಿ ಕೇಳಿದವನು. ಎಕಂಬಾದ ಕಡೆ ಹೋದರೆ ಮಳೆಗಾಲದಲ್ಲಿ ಗಾಡಿ ಹೂತುಕೊಳ್ಳದ ದಾರಿ ಕೇಳಿದರು, ಹೆರಿಗೆಗೆ ಒಬ್ಬ ದಾಯಿ ಕೇಳಿದರು. ಅವರಿಗೆ ಹೋದದ್ದು ಕಬ್ಬಿಣದ ನೇಗಿಲು, ಅದೂ ಅವರ ಎತ್ತಿನಿಂದ ಎಳೆಯಲಾಗದ್ದು. ಒಬ್ಬ ಸಾಹುಕಾರ ಅದನ್ನು ತೋಟದ ಬಾಗಿಲಿಗೆ ಅಡ್ಡ ಇಟ್ಟಿದ್ದ.

ಸಮಾರಂಭ ಮುಗಿದ ಮೇಲೆ ಚೌಬಾರಾ ಗೋಪುರದ ಹತ್ತಿರ ಚಹದ ಅಂಗಡಿಯಲ್ಲಿ ಕೂತೆ. ಓದಿದವರೇ ತುಂಬಿದ್ದರು. ಬೀದರ ಮೈಸೂರಿಗೆ ಸೇರಿದ್ದು ಸರಿಯೋ, ಮರಾಠಿಯವರ ಕಡೆ ಹೋಗಬೇಕಿತ್ತೋ ಎಂದು ಕಪ್ಪು-ಬಶಿ ಕುಟ್ಟಿ ಕುಟ್ಟಿ ಜಗಳ. ಒಬ್ಬ ನನ್ನ ಕಡೆ ತಿರುಗಿ, "ನೀವು ಏನ್ ಅಂತೀರಿ, ಬಿ.ಎ. ಸಾಹೇಬ್ರು?" ಎಂದ. ನಾರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಹೆಸರು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಚಹ ಅರ್ಧಕ್ಕೆ ಬಿಟ್ಟು ಎದ್ದೆ.

ಬೇಸಿಗೆ ಬಂತು, ಕೇರಿಯ ಮೆಟ್ಟಿಲ ಬಾವಿಯ ನೀರು ತಳಕ್ಕಿಳಿಯಿತು. ಶನಿವಾರ ಸೈಕಲ್ ತುಳಿದು ಊರಿಗೆ ಹೋದಾಗಲೆಲ್ಲ ಧೋತರ ನಾಲ್ಕು ಮಡಿಕೆ ಮಾಡಿ ನೀರು ಸೋಸಿ ಇಡುತ್ತಿದ್ದೆ. ಹಾಗೇ ಸೋಸಿ ಕುಡಿ ಎಂದರೆ ಅವ್ವ ಹೂಂ ಎನ್ನುತ್ತಿದ್ದಳು. ಮನೆಯಲ್ಲಿ ಕುಡಿಯುತ್ತಿದ್ದಳು ಕೂಡ. ಹೊಲದಲ್ಲಿ ಬಾಯಾರಿದರೆ ಯಾರ ಕೊಡದ್ದೋ ಅದೇ. ಇನ್ನು ಹೊಲಕ್ಕೆ ಹೋಗಬೇಡ ಎಂದರೆ, "ಕೂತು ತಿನ್ನೋ ವಯಸ್ಸಾಗಿಲ್ಲ" ಎನ್ನುವಳು.

ಮಳೆಯ ಮುಂಚೆ ಮಾಲಕರಿಂದ ಕೇರಿಗೆ ಕರೆ ಬಂತು. ಬಾವಿ ತೋಡಿದಾಗ ಮೇಲೆ ಹಾಕಿದ ಕಲ್ಲಿನ ಗುಡ್ಡೆ ಕಬ್ಬಿಗೆ ಅಡ್ಡವಾಗಿದೆ, ಎತ್ತಿ ಹಾಕಿ ಎಂದು. ಕೂಲಿಯ ಮಾತು ಇರಲಿಲ್ಲ. ಕೇರಿಯವರು ಗೊಣಗುತ್ತಲೇ ಹೊರಟಿದ್ದರು. ಆ ದಿನ ನಾನು ಊರಲ್ಲಿದ್ದೆ. ಗುಡ್ಡೆ ನೋಡಿದೆ. ಒಂದೊಂದೂ ನಮ್ಮವರು ಒಡೆದ ಕರಿಕಲ್ಲು, ಒಂದು ಬದಿ ಚಪ್ಪಟೆ, ಕಟ್ಟಲು ಕೊಯ್ದಿಟ್ಟ ಹಾಗೆ.

"ಎಲ್ಲಿ ಹಾಕ್ರಿ ಅಂತ ಹೇಳ್ಯಾರೇನು?" ಎಂದು ಕೇಳಿದೆ.

"ಎಲ್ಲರೆ ಹಾಕ್ರಿ ಅಂದಾರ" ಎಂದ ಕಾಕಾ.

"ನಮ್ಮ ಬಾವಿ ಮೆಟ್ಲಿಗಿ ಹಾಕ್ರಿ."

ಕಾಕಾ ನನ್ನನ್ನೂ ಗುಡ್ಡೆಯನ್ನೂ ನೋಡಿದ. "ಸುಮ್ಮ ಅಲ್ಲಪಾ ನಿಮ್ಮವ್ವ ನಿನಗ ಓದಿಸಿದ್ದು" ಎಂದ. ಬಿ.ಎ. ಆದದ್ದಕ್ಕೆ ನನಗೆ ಸಿಕ್ಕ ಸನ್ಮಾನ ಅದೊಂದೇ. ಅದು ಸಾಕು.

ಆದರೆ ಅಷ್ಟು ಹೇಳಿದವನೇ, ಮೊದಲ ಹೊರೆ ಕಲ್ಲು ತಂದು ನಮ್ಮ ಬಾವಿಯ ಮೆಟ್ಟಿಲ ಬಳಿ ಇಳಿಸಿದ ಕೂಡಲೇ, "ಮೊದಲ ಕಲ್ಲಿಗಿ ಮಾಲಕರಿಗಿ ಕರೀಬೇಕಲ್ಲ" ಎಂದ. ನನ್ನ ತಲೆ ಕೆಟ್ಟಿತು. ನಾನು ಬಾಯಿ ತೆಗೆಯುವುದರೊಳಗೆ ಅವ್ವ ಕೋಲು ಊರಿ ಮೆಟ್ಟಿಲ ಬಾಯಿಗೆ ಬಂದು, ಕೂತು, ಕಾಲ ಬದಿಯಲ್ಲಿದ್ದ ಒಂದು ಕಲ್ಲನ್ನು ಎರಡೂ ಕೈಯಿಂದ ಕೆಳಗೆ ಉರುಳಿಸಿದಳು. "ಬಿತ್ತು" ಎಂದಳು. "ಇನ್ನ ಕರೀರಿ ಯಾರಿಗಿ ಕರೀತೀರಿ." ಯಾರೂ ಕರೆಯಲು ಹೋಗಲಿಲ್ಲ. ಮಳೆ ಬೀಳುವುದರೊಳಗೆ ಮೆಟ್ಟಿಲು ಮುಚ್ಚಿ, ಕಟ್ಟೆ ಎದ್ದು, ಬಡಿಗನಿಂದ ಮಾಡಿಸಿದ ಜಾಲಿ ಮರದ ಗಡಗಡಿ ಕೂತಿತು. ಸರಕಾರದ ಬಾವಿಯಿಂದ ನಮ್ಮ ಕೇರಿಗೆ ಸಿಕ್ಕ ಲಾಭವೆಂದರೆ ಅದರೊಳಗಿಂದ ತೆಗೆದು ಎಸೆದ ಕಲ್ಲು.

ತಡವಾಗಿತ್ತು. ಮುಂದಿನ ಬೇಸಿಗೆಯಲ್ಲಿ ಅವ್ವನ ಎಡಗಾಲಿನ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ಸರಕಾರದ ಬಾವಿಗೆ ಮುಳ್ಳು ಬಿದ್ದ ಮೇಲೆ, ಹಿಂದಿನ ಬೇಸಿಗೆಯಲ್ಲಿ ಮೆಟ್ಟಿಲ ಬಾವಿಯ ತಳದ ನೀರಿನ ಜೊತೆ ಕುಡಿದದ್ದು ಅದು. ಈ ಸಲ ನಾನು ರಜೆ ಹಾಕಿ ಕೂತೆ. ಅವಳನ್ನೂ ಕೂರಿಸಿದೆ. ಕಡ್ಡಿಗೆ ಸುತ್ತಿ, ಒದ್ದೆ ಬಟ್ಟೆ ಕಟ್ಟಿ, ಬೆರಳಗಲ, ಮತ್ತೆ ಬೆರಳಗಲ. ನೋವಿಗೆ ಹಲ್ಲು ಕಚ್ಚಿಕೊಂಡು ಆಚೆ ಕಬ್ಬಿನ ಕಡೆ ನೋಡುತ್ತಿದ್ದಳು. ಇಂಜಿನ್ನು ಟಕಟಕ ಎನ್ನುತ್ತಿತ್ತು. ನಾರು ಹರಿಯದೆ ಪೂರ್ತಿ ಬಂತು. ಕಾಲು ಉಳಿಯಿತು. ನಿನ್ನ ಸಂಬಳವೂ ಸರಕಾರದ್ದೇ ಅಲ್ಲವೇ, ಆ ರಜೆಯೂ ಸರಕಾರದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಅವ್ವನ ಬಲಗಾಲು ಕೊಟ್ಟು ಕೊಂಡ ಸಂಬಳ ಅದು, ಸಹಾಯಧನವಲ್ಲ.

ಹುಣ್ಣು ಇನ್ನೂ ಮಾಯುತ್ತಿತ್ತು, ಜೀಪು ಕೇರಿಗೆ ಬಂತು. ಅದೇ ಅಧಿಕಾರಿ, ಜೊತೆಗೆ ಮಾಲಕರು, ಒಬ್ಬ ಫೋಟೋದವನು. ಮಾಲಕರು ನಮ್ಮ ಕೇರಿಯೊಳಗೆ ಕಾಲಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಮೆಟ್ಟಿಲು ಮುಚ್ಚಿದ ಬಾವಿಯ ಸುದ್ದಿ ಬೀದರಿಗೆ ಹೋಗಿತ್ತು. ಈಗ ಹಳೆ ಬಾವಿ ರಿಪೇರಿಗೂ ಯೋಜನೆ ಬಂದಿದೆ, ಇದನ್ನೂ ಅದರಲ್ಲಿ ಸೇರಿಸೋಣ ಎಂದರು ಅಧಿಕಾರಿ, ಸಂತೋಷದಿಂದ. ಕೊಡ ಹಿಡಿದ ಒಬ್ಬ ಹೆಂಗಸು ಕಟ್ಟೆಯ ಹತ್ತಿರ ನಿಂತರೆ ಚೆನ್ನಾಗಿ ಬರುತ್ತದೆ ಎಂದ ಫೋಟೋದವನು. ಎಲ್ಲರೂ ಅವ್ವನ ಕಡೆ ನೋಡಿದರು, ಬಾಗಿಲಲ್ಲಿ ಕೂತಿದ್ದವಳು ಅವಳೇ.

ಅವ್ವ ಎದ್ದಳು. ಎಡಗಾಲಿನ ಮೇಲೆ ಭಾರ ಹಾಕಿ ಕಟ್ಟೆಯ ತನಕ ನಡೆದಳು. ಕೊಡ ತೆಗೆದುಕೊಂಡಳು. ಆಮೇಲೆ ಕೇಳಿದಳು, "ಕಾಲು ಬರ್ತಾವೇನ್ರಿ ಫೋಟೋದಾಗ?"

ಫೋಟೋದವನು ಡಬ್ಬಿಯಲ್ಲಿ ಇಣುಕಿದ. "ಇಲ್ಲಮ್ಮ, ಸೊಂಟದ ಮೇಲೆ ಮಾತ್ರ. ಏನೂ ಕಾಣೋದಿಲ್ಲ."

"ಹಂಗಾದ್ರ ಬ್ಯಾಡ್ರಿ" ಎಂದಳು. ಕೊಡವನ್ನು ಕಟ್ಟೆಯ ಮೇಲಿಟ್ಟು ಬಂದು ಬಾಗಿಲಲ್ಲಿ ಕೂತಳು.

ಕೊನೆಗೆ ಆ ಕೊಡದ ಪಕ್ಕದಲ್ಲಿ ಮಾಲಕರು ನಿಂತರು. ರುಮಾಲು ಸರಿಮಾಡಿಕೊಂಡು, ಗಡಗಡಿಯ ಹಗ್ಗಕ್ಕೆ ಕೈ ಹಚ್ಚಿ.